ಎಂಟನೇ ಅಂತಸ್ತಿನ ಕರನಿರಾಕರಣೆ

ನಮ್ಮ ಮಾವ ಜಗದೇವಪ್ಪನವರಿಗೆ ಭಾಷಣ ಮಾಡಲು ಇಬ್ಬರು ಸಿಕ್ಕರೆ ಸಾಕು, ಮೂರನೆಯವರು ಬೇಕಿಲ್ಲ. ಧಾರವಾಡದಿಂದ ಬಂದು ಇಲ್ಲಿಯ ಶಾಲೆಯೊಂದರಲ್ಲಿ ಇಂಗ್ಲಿಷರ ಮಕ್ಕಳಿಗೆ ಇಂಗ್ಲಿಷರ ಇತಿಹಾಸವನ್ನೇ ಕಲಿಸಿ ನಿವೃತ್ತರಾದವರು. ಅವರ ರಾಜರ ತಪ್ಪುಗಳನ್ನು ಅವರಿಗೇ ಎತ್ತಿ ತೋರಿಸಿ ಅವರಿಂದಲೇ ಪೆನ್ಶನ್ ತಗೊಂಡೆ ಎಂದು ಹೇಳಿಕೊಂಡು ನಗುವುದು ಅವರ ಚಟ. ನಾನು ನೇತ್ರಾ, ಅವರ ಸೊಸೆ. ನನಗೆ ಭಾಷಣ ಬರುವುದಿಲ್ಲ, ಸಿಟ್ಟು ಬರುತ್ತದೆ. ಅತ್ತೆ ಗುರುದೇವಿಗೆ ಎರಡೂ ಬರುವುದಿಲ್ಲ ಎಂದು ನಾವೆಲ್ಲ ತಿಳಿದಿದ್ದೆವು.

ಲಂಡನ್ನಿನ ವೆಂಬ್ಲಿಯಲ್ಲಿ ಫುಟ್‌ಬಾಲ್ ಸ್ಟೇಡಿಯಮ್ಮಿಗೆ ಬೆನ್ನು ಹಾಕಿ ನಿಂತ ಕಟ್ಟಡದಲ್ಲಿ ನಮ್ಮದು ಎಂಟನೇ ಅಂತಸ್ತಿನ ಫ್ಲ್ಯಾಟು. ಮಾವ ಅತ್ತೆ ತಮ್ಮ ಹಳೆಯ ಮನೆ ಮಾರಿ, ನನ್ನ ಗಂಡ ಅಮರ ತನ್ನ ಕ್ಯಾನರಿ ವಾರ್ಫಿನ ಆಫೀಸು ಕೆಲಸದ ಮೇಲೆ ಸಾಲ ಎತ್ತಿ ಕೊಂಡದ್ದು. ಮಾವನ ಸಂಬಳದಷ್ಟೇ ಅತ್ತೆಯ ದುಡಿಮೆಯೂ ಅದರಲ್ಲಿದೆ. ಪಾರ್ಕ್ ರಾಯಲ್‌ನ ಸ್ಯಾಂಡ್‌ವಿಚ್ ಫ್ಯಾಕ್ಟರಿಯಲ್ಲಿ ತಣ್ಣನೆಯ ಕೋಣೆಯೊಳಗೆ ನಿಂತು ನಿಂತು ಅವರ ಮೊಣಕಾಲು ಹೋಗಿದ್ದವು. ಆದರೆ ಈ ದೇಶದಲ್ಲಿ ಫ್ಲ್ಯಾಟು ಕೊಂಡರೆ ಪೂರ್ತಿ ಕೊಂಡಂತಲ್ಲ. ಗೋಡೆಯ ಒಳಗಿನದು ನಮ್ಮದು. ನೆಲ, ಮೆಟ್ಟಿಲು, ಲಿಫ್ಟು, ಸೂರು ಎಲ್ಲ ಒಂದು ಕಂಪನಿಯದು. ಅವುಗಳನ್ನು ನೋಡಿಕೊಳ್ಳುವುದಕ್ಕೆಂದು ಆ ಕಂಪನಿ ಪ್ರತಿ ವರ್ಷ ಸರ್ವಿಸ್ ಚಾರ್ಜ್ ಕೇಳುತ್ತದೆ, ಎಷ್ಟು ಕೇಳಿದರೆ ಅಷ್ಟು ಕೊಡಬೇಕು. ಆ ವರ್ಷ ಯಾರನ್ನೂ ಒಂದು ಮಾತು ಕೇಳದೆ ಅದನ್ನು ದುಪ್ಪಟ್ಟು ಮಾಡಿದರು. ಯಾಕೆ ಎಂದು ಬರೆದರೆ ಉತ್ತರವಿಲ್ಲ. ಆ ಕಂಪನಿಯವರ ಮುಖವನ್ನು ನಮ್ಮಲ್ಲಿ ಯಾರೂ ಕಂಡವರಲ್ಲ.

ಅನ್ಯಾಯ ಹೌದು. ಅದನ್ನು ನಾನು ಇವತ್ತಿಗೂ ಇಲ್ಲವೆನ್ನುವುದಿಲ್ಲ. ಆದರೆ ಮಾವನಿಗೆ ಆ ಅನ್ಯಾಯ ಹಬ್ಬದ ಹಾಗೆ ಬಂತು.

ಅದೇ ಹೊತ್ತಿಗೆ ನನ್ನ ಮಗಳು ಅನ್ವಿತಾಳ ಶಾಲೆಯಲ್ಲಿ ಅಮೆರಿಕದ ವಸಾಹತುಗಳ ಪಾಠ ನಡೆದಿತ್ತು. ಊಟದ ಮೇಜಿನ ಮೇಲೆ ಪುಸ್ತಕ ಹರವಿಕೊಂಡು ಕೂತವಳ ಎದುರು ಮಾವ ಕುರ್ಚಿ ಎಳೆದುಕೊಂಡರು.

"ನೋಡವಾ, ಕಡಲಿನ ಈ ಕಡಿ ಕುಂತು ಪಾರ್ಲಿಮೆಂಟು ಅವರ ಕಾಗದಕ್ಕ ತೆರಿಗಿ ಹಾಕ್ತು, ಚಾಕ್ಕ ತೆರಿಗಿ ಹಾಕ್ತು. ಆ ಪಾರ್ಲಿಮೆಂಟಿನ್ಯಾಗ ಅವರ ಮಂದಿ ಒಬ್ಬರೂ ಇರಲಿಲ್ಲ. ಆ ಚಾ ಕುಡಿಯೋದ ಬಿಟ್ಟು, ನಮ್ಮನ್ನ ಕೇಳಲಾರದ ನಮ್ಮ ಮ್ಯಾಲೆ ಕರ ಹಾಕಾಕ ನೀವ್ಯಾರು ಅಂದ್ರು. ಇಷ್ಟ ಮಾತು. ಈ ಒಂದು ಮಾತಿನಿಂದ ಮುಂದ ಕ್ರಾಂತಿ ಆತು."

ಅಲ್ಲಿಂದ ಅವರ ಬಂಡಿ ತಮ್ಮ ಅಜ್ಜನ ಊರು ಹಿರೇಕೆರೂರಿಗೆ ತಿರುಗುವುದು ನಮಗೆಲ್ಲ ಗೊತ್ತಿದ್ದದ್ದೇ. ಬ್ರಿಟಿಷರ ಕಾಲದ ಕರನಿರಾಕರಣೆಯಲ್ಲಿ ಮಾವನ ಅಜ್ಜ ಕಂದಾಯ ಕಟ್ಟುವುದಿಲ್ಲ ಎಂದು ಎದೆಯೊಡ್ಡಿ ನಿಂತವರು. ಹೊಲ ಜಪ್ತಿಯಾಯಿತು, ಎತ್ತು ಹರಾಜಾದವು, ಮನೆಗೆ ಬೀಗ ಬಿತ್ತು. ಹಿಂಡಲಗಿ ಜೈಲಿನಲ್ಲಿದ್ದ ಅಜ್ಜ ಬಾಗಲಿಲ್ಲ. ಊರ ಚಾವಡಿಯ ಮುಂದಿನ ಕಲ್ಲಿನಲ್ಲಿ ಅವರ ಹೆಸರು ಕೆತ್ತಿದೆ. ಮದುವೆಯಾಗಿ ಬಂದ ವಾರದಲ್ಲೇ ನನಗೆ ಆ ಕಲ್ಲಿನ ಫೋಟೋ ತೋರಿಸಿದ್ದರು.

ಕದ್ದು ಚಹಾ ಕೊಂಡವರನ್ನು ಏನು ಮಾಡುತ್ತಿದ್ದರು ಎಂದು ಅನ್ವಿತಾ ಇಂಗ್ಲಿಷಿನಲ್ಲಿ ಕೇಳಿದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ.

"ಮೈಗೆ ಡಾಂಬರ ಬಳದು ಕೋಳಿಗರಿ ಹಚ್ಚತಿದ್ರು," ಎಂದರು ಮಾವ. "ನಮ್ಮ ಕಡಿ ಅಷ್ಟ ಒರಟುತನ ಇರಲಿಲ್ಲ. ಕಂದಾಯ ಕಟ್ಟಿದ ಮನಿಗೆ ಊರು ಬೆಂಕಿ ಕೊಡತಿರಲಿಲ್ಲ, ನೀರು ಕೊಡತಿರಲಿಲ್ಲ. ಸತ್ತರ ಹೆಗಲು ಕೊಡತಿರಲಿಲ್ಲ. ಅಷ್ಟ."

ಅತ್ತೆ ಒಲೆಯ ಹತ್ತಿರ ನಿಂತು ಆಲೂಗಡ್ಡೆ ಬೇಯಿಸಿದ ನೀರು ಚೆಲ್ಲಿ ಮತ್ತೆ ಹೊಸ ನೀರಿಗೆ ಇಡುತ್ತಿದ್ದರು. ಕಿಡ್ನಿ ಕೆಟ್ಟವರು ಹಾಗೆ ಎರಡು ಸಲ ಕುದಿಸಿ ಸಾರ ತೆಗೆದೇ ತಿನ್ನಬೇಕು. ನೀರನ್ನೂ ಅಳೆದೇ ಕುಡಿಯಬೇಕು. ಚಹಾ ಎಂದರೆ ಪ್ರಾಣ ಬಿಡುತ್ತಿದ್ದ ಹೆಂಗಸು ಅರ್ಧ ಕಪ್ಪಿಗೆ ಇಳಿದಿದ್ದರು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳದಿದ್ದರೆ ಅವರ ರಕ್ತ ಅವರಿಗೇ ವಿಷ.

"ಚಾ ಬಿಟ್ರಲ್ಲ," ಎಂದರು ಅತ್ತೆ, ತಿರುಗದೆ. "ಆ ಮನಿ ಹೆಂಗಸ್ರಿಗೆ ತಲಿಶೂಲಿ ಬಂದ್ರ ಏನ್ ಮಾಡತಿದ್ರಂತ?"

ನಾವೆಲ್ಲ ನಕ್ಕೆವು. ಮಾವನೂ ನಕ್ಕರು.

ಶನಿವಾರ ಕೆಳಗೆ ಸೈಕಲ್ ನಿಲ್ಲಿಸುವ ಕೋಣೆಯಲ್ಲಿ ಮಾವ ಸಭೆ ಕರೆದರು. ಗುಜರಾತಿಗಳು, ಪೋಲೆಂಡಿನವರು, ತಮಿಳರು, ಮೂರನೇ ಅಂತಸ್ತಿನ ನಮ್ಮ ಕುಂದಾಪುರದ ವೆಂಕಪ್ಪ, ಎಲ್ಲರೂ ಬಂದರಂತೆ. ನಾನು ನೋಡಲಿಲ್ಲ. ಶನಿವಾರ ಡಯಾಲಿಸಿಸ್ ದಿನ, ಅತ್ತೆಯ ಜೊತೆ ಆಸ್ಪತ್ರೆಯಲ್ಲಿದ್ದೆ. ಅಮರ ಬಂದು ಹೇಳಿದ: ಅಪ್ಪ ಸ್ಟೀಲಿನ ತಟ್ಟೆಯಲ್ಲಿ ಈಲಿಂಗ್ ರೋಡಿನ ಅಂಗಡಿಯ ಅರಿಶಿನ ಸುರಿದು, ಇದು ಭಂಡಾರ, ನಮ್ಮ ಕಡೆ ಇದನ್ನು ಮುಟ್ಟಿ ಆಣೆ ಮಾಡಿದರೆ ಪ್ರಾಣ ಹೋದರೂ ತಪ್ಪುವಂತಿಲ್ಲ ಎಂದರು. ಊರಿನ ಪದ್ಧತಿಯಂತೆ ಮನೆಗೊಂದು ಕೈ. ಒಬ್ಬೊಬ್ಬರೂ ಮುಟ್ಟಿ ಹಣೆಗೆ ಹಚ್ಚಿಕೊಂಡರು. ನಮ್ಮನ್ನು ಕೇಳುವ ತನಕ ಕಂಪನಿಗೆ ಬಿಡಿಗಾಸು ಕೊಡುವುದಿಲ್ಲ. ಯಾರು ಒಳಗಿಂದೊಳಗೆ ಕಟ್ಟುತ್ತಾರೋ ಆ ಮನೆಗೆ ಯಾರೂ ಹೋಗುವುದಿಲ್ಲ, ಆ ಮನೆಗೆ ಯಾರೂ ಹೆಗಲು ಕೊಡುವುದಿಲ್ಲ.

"ನಮ್ಮ ಮನಿಂದ ಯಾರ ಕೈ?" ಎಂದು ಕೇಳಿದೆ.

"ಅಪ್ಪಂದು," ಎಂದ ಅಮರ. ಅದೇನು ಕೇಳುವ ಮಾತೇ ಎನ್ನುವ ಹಾಗೆ ನೋಡಿದ.

ಮೊದಮೊದಲು ಎಲ್ಲ ಚೆಂದವಿತ್ತು. ಎಷ್ಟೋ ವರ್ಷ ಲಿಫ್ಟಿನಲ್ಲಿ ಮುಖ ತಿರುಗಿಸಿ ನಿಂತವರು ನಮಸ್ಕಾರ ಎನ್ನತೊಡಗಿದರು. ವೆಂಕಪ್ಪ ತಮ್ಮ ಹೋಟೆಲಿನಿಂದ ನೀರುದೋಸೆ ಕಳಿಸಿದರು. ಸ್ಥಳೀಯ ಪತ್ರಿಕೆಯವರು ಬಂದು ಮಾವನ ಫೋಟೋ ತೆಗೆದರು. ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಅವರಿಗೆ ಕ್ಯಾಪ್ಟನ್ ಎನ್ನುತ್ತಿದ್ದರು. ಮಾವ ಹತ್ತು ವರ್ಷ ಚಿಕ್ಕವರಾದಂತೆ ಕಾಣುತ್ತಿದ್ದರು. ಅತ್ತೆ ಅದನ್ನು ನೋಡಿ ಖುಷಿಪಟ್ಟದ್ದೂ ಉಂಟು.

ಆಮೇಲೆ ಲಿಫ್ಟು ನಿಂತಿತು.

ಇದ್ದದ್ದು ಅದೊಂದೇ ಲಿಫ್ಟು. ದೊಡ್ಡ ಭಾಗವೇ ಹೋಗಿದೆ, ನಿಮ್ಮ ಕಟ್ಟಡದವರು ಯಾರೂ ಕಟ್ಟಿಲ್ಲ, ನಿಧಿಯಲ್ಲಿ ಏನೂ ಇಲ್ಲ, ಬಾಕಿ ಬಂದ ಮೇಲೆ ಆರ್ಡರ್ ಕೊಡುತ್ತೇವೆ ಎಂದಿತು ಕಂಪನಿ. ಮಾವ ಕುಣಿದಾಡಿದರು. "ನೋಡ್ರಿ, ಇದ ಜಪ್ತಿ! ಎತ್ತು ಎಳಕೊಂಡು ಹೋದಂಗ ಲಿಫ್ಟ್ ಎಳಕೊಂಡಾರ. ಈಗ ಬಾಗಿದ್ರ ಮುಗೀತು." ಇಂಥ ವ್ಯಾಜ್ಯ ತೀರಿಸುವ ಟ್ರಿಬ್ಯುನಲ್ಲಿಗೆ ಅರ್ಜಿ ಹಾಕಿದರು. ಅದರ ದಿನಾಂಕ ಬರಲು ಚಳಿಗಾಲ ಕಳೆಯಬೇಕಿತ್ತು.

ಕಂಪನಿಗೆ ಎತ್ತು ಯಾವುದೆಂದು ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು. ಅತ್ತೆಯ ಮೊಣಕಾಲು ಒಂದು ಅಂತಸ್ತನ್ನೂ ಇಳಿಯುವಂತಿರಲಿಲ್ಲ. ಆಸ್ಪತ್ರೆಯ ಗಾಡಿಯವರು ಒಂದೆರಡು ಸಲ ತಮ್ಮ ಕುರ್ಚಿಯಲ್ಲಿ ಇಳಿಸಿ, ಎಂಟು ಅಂತಸ್ತು ನಮ್ಮಿಂದಾಗದು, ನಿಯಮವಿಲ್ಲ ಎಂದರು. ಲಂಡನ್ನಿನ ಇನ್ನೊಂದು ತುದಿಯ ಸಟನ್‌ನಲ್ಲಿರುವ ನನ್ನ ನಾದಿನಿಯ ಮನೆಗೆ ಅತ್ತೆಯನ್ನು ಕಳಿಸೋಣ, ಅದು ನೆಲಮಟ್ಟದ ಮನೆ ಎಂದೆ. ಅಲ್ಲಿಯ ಡಯಾಲಿಸಿಸ್ ಕೇಂದ್ರದಲ್ಲಿ ಜಾಗ ಸಿಗಲು ಕಾಯಬೇಕಿತ್ತು. ಅದಕ್ಕೂ ಮುಂಚೆ ಮಾವ ಬೇಡವೆಂದಾಗಿತ್ತು. "ಮುಖಂಡನ ಮನಿಯವರ ಮನಿ ಬಿಟ್ಟು ಹೋದ್ರ ಸೋತಂಗ ಆತು."

ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಳ್ಳಲಿಲ್ಲ, ಹೇಳಿಯೇ ಬಿಟ್ಟೆ. ಮಾವ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ದಾರಿ ಹುಡುಕಿದ್ದು ವೆಂಕಪ್ಪ. ಹೋಟೆಲಿನ ರಿಪೇರಿಗೆ ತಂದ ಎರಡು ಕಬ್ಬಿಣದ ಪೈಪುಗಳನ್ನು ಕೈಯಿರುವ ಮರದ ಕುರ್ಚಿಗೆ ಹಗ್ಗದಿಂದ ಬಿಗಿದು ಪಲ್ಲಕ್ಕಿ ಮಾಡಿದರು. ನಾಲ್ಕು ಜನ ಹೆಗಲು ಕೊಟ್ಟು ಇಳಿಸುವುದು, ಹತ್ತಿಸುವುದು. ಹತ್ತು ಮಂದಿಗೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ ಎನ್ನುತ್ತಾರಲ್ಲ, ಹಾಗೆ ಎಲ್ಲರೂ ಪಾಳಿ ಹಾಕಿಕೊಂಡರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು, ಅದರಲ್ಲಿ ಎರಡು ಮಾತಿಲ್ಲ. ಮೊದಲ ದಿನ ಮಾವ ಮುಂದೆ ಮುಂದೆ ಜಯಕಾರ ಹಾಕುತ್ತ ಇಳಿದರು. ಪ್ರತಿ ಅಂತಸ್ತಿನಲ್ಲೂ ಬಾಗಿಲು ತೆರೆದು ಜನ ಚಪ್ಪಾಳೆ ತಟ್ಟಿದರು.

ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದರು. ಕೆಳಗೆ ತಲುಪಿದ ಮೇಲೆ ಕಿವಿಯಲ್ಲಿ ಹೇಳಿದರು: "ನೇತ್ರಾ, ನಮ್ಮ ಮಂದಿನ್ಯಾಗ ಹಿಂಗ ಕುಂದ್ರಿಸಿ ಹೊರೋದು ಯಾರನ್ನ ಹೇಳು? ಸತ್ತವರನ್ನ. ಇವರು ನನ್ನ ಜೀವಂತ ಹೊತ್ರು."

ನಮ್ಮ ಲಿಂಗಾಯತರಲ್ಲಿ ಹೆಣವನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಕುಳ್ಳಿರಿಸಿ, ವಿಮಾನ ಕಟ್ಟಿ ಹೊತ್ತುಕೊಂಡು ಹೋಗುತ್ತಾರೆ. ಚಪ್ಪಾಳೆಯ ನಡುವೆ ಮಾವನಿಗೆ ಅದು ಹೊಳೆಯಲಿಲ್ಲ.

ದಿನ ಕಳೆದಂತೆ ಜಯಕಾರ ನಿಂತಿತು. ಚಪ್ಪಾಳೆಯೂ ನಿಂತಿತು. ಹೆಗಲುಗಳು ನೋಯತೊಡಗಿದವು. ಕಂಪನಿಯ ವಕೀಲರಿಂದ ಒಂದೊಂದೇ ಮನೆಗೆ ನೋಟೀಸು ಬರತೊಡಗಿತು. ಫ್ಲ್ಯಾಟೇ ಕೈಬಿಟ್ಟು ಹೋಗಬಹುದು ಎಂದಿತ್ತು ಅದರಲ್ಲಿ. ವೆಂಕಪ್ಪ ಹೋಟೆಲಿಗೆಂದು ಕೇಳಿದ್ದ ಸಾಲವನ್ನು ಅದೇ ಕಾರಣಕ್ಕೆ ಬ್ಯಾಂಕು ಕೊಡಲಿಲ್ಲ. ಆದರೂ ಕುರ್ಚಿ ಹೊರಲು ಬರುವುದನ್ನು ಅವರು ತಪ್ಪಿಸಲಿಲ್ಲ.

ಒಂದು ಶನಿವಾರ ಡಯಾಲಿಸಿಸ್ ಮುಗಿಸಿ ಬರುವಾಗ ಅತ್ತೆಯ ರಕ್ತದೊತ್ತಡ ಇಳಿದಿತ್ತು. ಬೀಳದಿರಲೆಂದು ಅವರ ಎದೆ, ತೋಳು ಸೇರಿಸಿ ದುಪಟ್ಟಾದಿಂದ ಕುರ್ಚಿಗೆ ಕಟ್ಟಿದ್ದೆವು. ಐದನೇ ಅಂತಸ್ತಿನ ತಿರುವಿನಲ್ಲಿ ಕುರ್ಚಿ ವಾಲಿತು. ಅತ್ತೆ ವಾಂತಿ ಮಾಡಿಕೊಂಡರು. ಸೆರಗು ಜಾರಿತು. ಕೈ ಕಟ್ಟಿದ್ದರಿಂದ ಎಳೆದುಕೊಳ್ಳಲು ಆಗಲಿಲ್ಲ. ಹೆಗಲ ಮೇಲೆ ಭಾರವಿದ್ದವರು ಮುಖ ಆಚೆ ತಿರುಗಿಸಿ ನಿಂತರು. ನಾನು ಹಿಂದಿನಿಂದ ನುಗ್ಗಿ ಹೋಗಿ ಸೆರಗು ಸರಿಮಾಡುವಷ್ಟರಲ್ಲಿ ಮೇಲೆ ನೋಡಿದರೆ, ಮೆಟ್ಟಿಲ ತುದಿಯಲ್ಲಿ ಮಾವ ಫೋನು ಹಿಡಿದು ವಿಡಿಯೋ ತೆಗೆಯುತ್ತಿದ್ದರು.

"ಮಾವಾರ, ಬಂದ್ ಮಾಡ್ರಿ ಅದನ್ನ!" ಎಂದು ಕಿರುಚಿದೆ.

"ಟ್ರಿಬ್ಯುನಲ್ಲಿಗೆ ಸಾಕ್ಷಿ ಬೇಕಲ್ಲವಾ," ಎಂದರು.

ಸಾಕ್ಷಿ ಟ್ರಿಬ್ಯುನಲ್ಲಿಗೆ ಮುಟ್ಟುವ ಮೊದಲು ವಾಟ್ಸಾಪಿಗೆ ಮುಟ್ಟಿತು. ಮಾವ ಅದನ್ನು ಕಟ್ಟಡದ ಗುಂಪಿಗೆ ಹಾಕಿದರು, ಅಲ್ಲಿಂದ ಲಂಡನ್ ಕನ್ನಡಿಗರ ಗುಂಪಿಗೆ, ಅಲ್ಲಿಂದ ಧಾರವಾಡಕ್ಕೆ. ಮರುದಿನ ಅತ್ತೆಯ ತವರಿನಿಂದ ಅವರ ತಮ್ಮ ಫೋನು ಮಾಡಿ ಅತ್ತ. ಅತ್ತೆ ಅನ್ವಿತಾಳ ಕೈಯಿಂದ ಫೋನು ಇಸಿದುಕೊಂಡು ಆ ವಿಡಿಯೋ ಹಾಕಿಸಿಕೊಂಡು ಪೂರ್ತಿ ನೋಡಿದರು. ನಾನು ಪಕ್ಕದಲ್ಲೇ ಇದ್ದೆ. ನನಗೆ ಆ ಮನೆಯನ್ನೇ ಸುಟ್ಟು ಬಿಡಬೇಕೆನ್ನುವಷ್ಟು ಸಿಟ್ಟು ಬಂತು.

ಮಂಗಳವಾರ ಬೆಳಿಗ್ಗೆ ನಾಲ್ಕು ಜನ ಬಂದು ನಿಂತರು. ಅತ್ತೆ ಹಾಸಿಗೆಯಿಂದ ಏಳಲಿಲ್ಲ.

"ನಾ ಇವತ್ತ ಇಳ್ಯಂಗಿಲ್ಲ," ಎಂದರು.

"ಆರಾಮ ಇಲ್ಲೇನು?" ಮಾವ ಗಾಬರಿಯಾದರು.

"ಆರಾಮ ಅದೀನಿ. ಆದರ ಇಳ್ಯಂಗಿಲ್ಲ. ನನ್ನ ಕೇಳಲಾರದ ಎತ್ತಿದ್ರಿ, ನನ್ನ ಕೇಳಲಾರದ ಇಳಿಸಿದ್ರಿ, ನನ್ನ ಕೇಳಲಾರದ ನನ್ನ ಮಾನ ಊರಿಗೆಲ್ಲಾ ತೋರಿಸಿದ್ರಿ. ಬಾಕಿ ಕಟ್ಟ್ರಿ, ಲಿಫ್ಟ್ ಮಾಡಸ್ರಿ. ಇಳೀತೀನಿ."

"ಭಂಡಾರ ಮುಟ್ಟೇನಿ, ಗುರುದೇವಿ."

"ನೀವು ಮುಟ್ಟೀರಿ. ನನ್ನ ಮುಂದ ಯಾರು ತಟ್ಟಿ ಹಿಡದಿದ್ರು?"

ಮಾವ ಹೊರಗೆ ನಿಂತವರ ಕಡೆ ನೋಡಿ ಬಾಗಿಲು ಮುಂದೆ ಮಾಡಿದರು. ಸ್ವರ ಇಳಿಸಿ, ಸ್ವಲ್ಪ ತ್ರಾಸ ಇದ್ದೇ ಇರುತ್ತದೆ, ನಮ್ಮ ಅಜ್ಜ ಜೈಲಿನಲ್ಲಿ ಎಷ್ಟು ಕಷ್ಟಪಟ್ಟರು ಎಂದು ಶುರುಮಾಡಿದರು.

"ನಿಮ್ಮ ಅಜ್ಜನ ಕತಿ ನನಗ ಬಾಯಿಪಾಠ ಐತಿ," ಎಂದರು ಅತ್ತೆ. "ನಾಗವ್ವಂದು ಹೇಳ್ರಿ."

ನಾಗವ್ವ ಯಾರೆಂದು ನನಗೆ ಗೊತ್ತಿರಲಿಲ್ಲ. ಆ ಅಜ್ಜನ ಹೆಂಡತಿಯಂತೆ. ಈ ಮನೆಯಲ್ಲಿ ಅಷ್ಟು ಸಲ ಕೇಳಿದ ಕತೆಯಲ್ಲಿ ಒಮ್ಮೆಯೂ ಆ ಹೆಸರು ಬಂದಿರಲಿಲ್ಲ.

"ನಿಮ್ಮವ್ವ ನನಗ ಹೇಳಿದ್ದು," ಎಂದರು ಅತ್ತೆ. ಉಸಿರು ಎಳೆದುಕೊಳ್ಳುತ್ತ, ಆದರೆ ನಿಧಾನವಾಗಿ, ಕೂಸಿಗೆ ಹೇಳಿದ ಹಾಗೆ ಹೇಳಿದರು. "ಮನಿಗೆ ಬೀಗ ಬಿದ್ದಾಗ ನಿಮ್ಮಪ್ಪ ಮೊಲಿ ಕುಡಿಯೋ ಕೂಸು. ನಾಗವ್ವ ಹಸಿ ಬಾಣಂತಿ, ಮಂದಿ ದನದ ಕೊಟ್ಟಿಗ್ಯಾಗ ಇದ್ಲು. ಜ್ವರ ಬಂತು. ಕಂದಾಯ ಕಟ್ಟಿಬಿಡ್ರಿ, ಮನಿ ಬಿಡಿಸ್ಕೋರಿ ಅಂತ ಜೈಲಿಗೆ ಹೇಳಿ ಕಳಿಸಿದ್ಲು. ನಿಮ್ಮಜ್ಜ ಆಗಂಗಿಲ್ಲ ಅಂದ್ರು. ಆಕಿ ಕೊಟ್ಟಿಗ್ಯಾಗ ಸತ್ಲು. ನಿಮ್ಮಜ್ಜನ ಹೆಸರು ಕಲ್ಲಿನ ಮ್ಯಾಲೆ ಐತಿ. ಆಕಿದು ಎಲ್ಲೈತ್ರಿ?"

"ಅದು ಸ್ವಾತಂತ್ರ್ಯದ ಸಲುವಾಗಿ," ಎಂದರು ಮಾವ. ಆ ಮಾತು ಅವರಿಗೇ ಕೇಳಿಸಿತೋ ಇಲ್ಲವೋ.

"ಇರಲಿ. ಒಂದ ಮಾತು ಆಕಿನ್ನ ಕೇಳಿದ್ರ, ಆಕಿನೂ ಕಟ್ಟಬ್ಯಾಡ್ರಿ ಅಂತಿದ್ಲೋ ಏನೋ. ಯಾರೂ ಕೇಳಲಿಲ್ಲ."

ನಮ್ಮ ಬಡಾವಣೆಯ ಡಾಕ್ಟರು, ಜಿ.ಪಿ., ಮನೆಗೆ ಬಂದರು. ಅತ್ತೆ ತಮ್ಮ ಫ್ಯಾಕ್ಟರಿ ಇಂಗ್ಲಿಷಿನಲ್ಲಿ ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟರು. ಹೋಗದಿದ್ದರೆ ಏನಾಗುತ್ತದೆ ಗೊತ್ತೇ? ಗೊತ್ತು. ಯಾರಾದರೂ ಬಲವಂತ ಮಾಡುತ್ತಿದ್ದಾರೆಯೇ? ಇಷ್ಟು ದಿನ ಮಾಡಿದರು, ಈಗ ಇಲ್ಲ.

ಇವರ ಬುದ್ಧಿ ಸ್ಥಿಮಿತದಲ್ಲಿದೆ, ಬೇಡವೆನ್ನುವುದು ಇವರ ಹಕ್ಕು, ಆದರೆ ಹೊತ್ತು ಬಹಳ ಕಡಿಮೆ ಇದೆ ಎಂದು ಡಾಕ್ಟರು ನಮ್ಮನ್ನು ಹೊರಗೆ ಕರೆದು ಹೇಳಿದರು. ನಾನು ಅತ್ತೆಯ ಕಾಲು ಹಿಡಿದು ಬೇಡಿದೆ. ಅಮರ ಬೇಡಿದ. ಅವರು ಅವನ ತಲೆ ಸವರಿ, "ನಿಮ್ಮಪ್ಪನ್ನ ಕೇಳು," ಎಂದರಷ್ಟೆ.

ಮಾವ ಹಟ ಬಿಡಲಿಲ್ಲ. ಇಂದು ಬಿಡುತ್ತಾಳೆ, ನಾಳೆ ಬಿಡುತ್ತಾಳೆ ಎಂದು ಕಾದರು. ಗುರುವಾರದ ಸರದಿಯೂ ತಪ್ಪಿತು. ಅತ್ತೆಯ ಕಾಲು ಊದಿಕೊಂಡವು, ಮಲಗಿದರೆ ಉಸಿರು ಕಟ್ಟುತ್ತಿತ್ತು. ದಿಂಬಿಗೆ ಒರಗಿ ಕೂತು ನನ್ನನ್ನು ಕರೆದರು.

"ಒಂದು ತುಂಬಿದ ಲೋಟ ಚಾ ಮಾಡಿಕೊಡು. ಅರ್ಧ ಬ್ಯಾಡ."

ಶುಂಠಿ ಜಜ್ಜಿ ಹಾಕಿ ಮಾಡಿ ಕೊಟ್ಟೆ. ಊದಿ ಊದಿ, ಕಣ್ಣು ಮುಚ್ಚಿಕೊಂಡು ಕುಡಿದರು. ಮಾವ ಬಾಗಿಲಲ್ಲಿ ನಿಂತು ಅದನ್ನು ನೋಡಿದರು. ಲೋಟ ಬರಿದಾಗುವ ತನಕ ನೋಡಿ, ತಮ್ಮ ಕೋಟು ಹಾಕಿಕೊಂಡು ಹೊರಗೆ ಹೋದರು.

ಶುಕ್ರವಾರ ಅವರು ಬಾಕಿ ಕಟ್ಟಿದರು. ಕಟ್ಟಿ, ಕಂಪನಿಗೆ ಫೋನು ಮಾಡಿ, ಲಿಫ್ಟು ಯಾವಾಗ ಎಂದು ಕೇಳಿದರು. ಆ ಕಡೆಯ ಹುಡುಗಿ ಥ್ಯಾಂಕ್ಯೂ ಹೇಳಿ, ಒಂದು ಮನೆಯಿಂದ ಆಗುವುದಿಲ್ಲ, ಅರ್ಧದಷ್ಟು ಮನೆಗಳಾದರೂ ಕಟ್ಟಬೇಕು ಎಂದಳು. ಆಗ ಮಾವ ಬಾಗಿಲು ಬಾಗಿಲಿಗೆ ಹೋದರು. ಯಾವ ಕೈಗಳಿಂದ ಭಂಡಾರ ಮುಟ್ಟಿಸಿದ್ದರೋ ಆ ಕೈಗಳನ್ನೇ ಹಿಡಿದು, ಕಟ್ಟಿಬಿಡ್ರಿ ಎಂದು ಬೇಡಿದರು. ಕೆಲವರು ಬಾಗಿಲು ತೆರೆಯಲಿಲ್ಲ. ತೆರೆದವರು, ನಿಮ್ಮ ಮಾತು ಕೇಳಿ ವಕೀಲರ ನೋಟೀಸು ತಗೊಂಡೆವು, ಈಗ ನೀವೇ ಮೊದಲು ಕಟ್ಟಿ ಬಂದಿರಾ ಎಂದರು. ಸಂಜೆಯ ಹೊತ್ತಿಗೆ ಅವರೇ ಕಟ್ಟಿದ ವಾಟ್ಸಾಪ್ ಗುಂಪಿನಿಂದ ಅವರನ್ನು ತೆಗೆದುಹಾಕಿದ್ದರು.

ಮಾವ ಬಂದು ಅತ್ತೆಯ ಹಾಸಿಗೆಯ ಅಂಚಿಗೆ ಕೂತರು.

"ಕಟ್ಟಿದೆ," ಎಂದರು. "ಲಿಫ್ಟ್ ಆಗವಲ್ದು."

ಅತ್ತೆ ಊದಿದ ಕೈ ಎತ್ತಿ ಅವರ ಕೈ ಮೇಲಿಟ್ಟರು. "ಆಗದಿದ್ರ ಇರಲಿ. ನೀವು ನನ್ನ ಮಾತು ಕೇಳಿದ್ರಲ್ಲ. ನಾಳೆ ಕುರ್ಚಿ ತರಸ್ರಿ, ಇಳೀತೀನಿ."

ನನಗೆ ಅಳು ತಡೆಯಲಾಗಲಿಲ್ಲ. ಆಸ್ಪತ್ರೆಗೆ ಫೋನು ಮಾಡಿದೆ. ಬೆಳಿಗ್ಗೆ ಮೊದಲು ಅವರನ್ನೇ ತೆಗೆದುಕೊಳ್ಳುತ್ತೇವೆ ಎಂದರು. ಈಗಲೇ ಹೋಗೋಣ ಎಂದರೆ ಅತ್ತೆ ಒಪ್ಪಲಿಲ್ಲ, ನಾಳೆ ಎಂದರೆ ನಾಳೆ.

ಶನಿವಾರ ಬೆಳಿಗ್ಗೆ ಅವರು ಇಳಕಲ್ ಸೀರೆ ಉಡಿಸಲು ಹೇಳಿದರು. ಹಣೆಗೆ ವಿಭೂತಿ ಹಚ್ಚಿಕೊಂಡರು. ಕುರ್ಚಿಯನ್ನು ಬಾಗಿಲ ಹತ್ತಿರ ಇಟ್ಟು ಕುಳ್ಳಿರಿಸಿದೆವು, ಆಸ್ಪತ್ರೆಯ ಚೀಲ ತೊಡೆಯ ಮೇಲೆ. ಈ ಸಲ ಕಟ್ಟಬೇಡಿ, ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ ಎಂದರು. ನಾವು ಹೆಗಲುಗಳಿಗಾಗಿ ಕಾದೆವು.

ಯಾರೂ ಬರಲಿಲ್ಲ.

ಮಾವ ಫೋನು ಮಾಡಿದರು, ಯಾರೂ ಎತ್ತಲಿಲ್ಲ. ನಾನು ಮೂರನೇ ಅಂತಸ್ತಿಗೆ ಓಡಿದೆ. ಮಾವನೂ ಹಿಂದೆಯೇ ಇಳಿದು ಬಂದರು. ವೆಂಕಪ್ಪ ಬಾಗಿಲನ್ನು ಅರ್ಧ ತೆರೆದು ನಿಂತರು. ಅವರ ಕಣ್ಣು ಕೆಂಪಾಗಿದ್ದವು.

"ವೆಂಕಪ್ಪಣ್ಣ, ಅತ್ತಿ ಒಪ್ಯಾರ. ಕುರ್ಚಿನ್ಯಾಗ ಕುಂತಾರ. ಬರ್ರಿ," ಎಂದೆ.

ಅವರು ನನ್ನನ್ನು ನೋಡಲಿಲ್ಲ. ಮಾವನನ್ನು ನೋಡಿದರು. "ಸಾರ್, ದುಡ್ಡ್ ಕಟ್ಟಿದ್ ಮನಿಗೆ ಹೆಗ್ಲ್ ಕೊಡೂಕಾಗ ಅಂದೇಳಿ ಹೇಳಿದ್ದ್ ನೀವೇ ಅಲ್ದಾ? ಅರಶಿನ ಮುಟ್ಸಿದ್ದೂ ನೀವೇ. ನಿಮ್ಮ ಮಾತ್ ನಂಬಿ ನನ್ ಹೋಟ್ಲಿಗೆ ಬೀಗ ಬೀಳೂಕ್ ಬಂತ್. ಈಗ ನಾ ಎಂತ ಮಾಡ್ಕ್ ಹೇಳಿ?"

ಮಾವ ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚಿತು. ಒಳಗೆ ವೆಂಕಪ್ಪ ಅಲ್ಲೇ ನಿಂತಿದ್ದರೆಂದು ನನಗೆ ಗೊತ್ತು, ಅವರು ಹೆಜ್ಜೆ ತೆಗೆದ ಸದ್ದು ಕೇಳಲಿಲ್ಲ.

ಮೇಲೆ ಬಂದು ನಾವೇ ಎತ್ತಿದೆವು. ಮುಂದೆ ಅಮರ ಮತ್ತು ನಾನು, ಹಿಂದೆ ಮಾವ ಒಬ್ಬರೇ ಎರಡೂ ಪೈಪಿಗೆ ತೋಳು ಕೊಟ್ಟರು. ಮೊದಲ ತಿರುವಿನಲ್ಲೇ ಮಾವನ ಕಾಲು ಮಡಚಿತು. ಕುರ್ಚಿ ಗೋಡೆಗೆ ಬಡಿಯಿತು. ಅತ್ತೆ, "ಸಾಕು, ನೀವೆಲ್ಲಾರೂ ಬೀಳತೀರಿ," ಎಂದರು. ಹೇಗೋ ಎಳೆದು ಮತ್ತೆ ಬಾಗಿಲಿಗೆ ತಂದೆವು. ಅಮರ ಆಂಬ್ಯುಲೆನ್ಸಿಗೆ ಫೋನು ಮಾಡಿದ. ಬರುತ್ತಾರೆ, ಸ್ವಲ್ಪ ತಡವಾಗುತ್ತದೆ, ಅವರನ್ನು ಕೂರಿಸಿಯೇ ಇರಿ ಎಂದರು. ಕೂರಿಸಿಯೇ ಇದ್ದೆವು. ಅನ್ವಿತಾ ಅಜ್ಜಿಯ ಬೆರಳು ಹಿಡಿದು ನೆಲದ ಮೇಲೆ ಕೂತಿದ್ದಳು. ಕೆಳಗೆ ಮ್ಯಾಚಿಗೆ ಹೊರಟ ಜನ ಹಾಡುತ್ತಿದ್ದರು. ಅತ್ತೆ ಬಾಗಿಲ ಕಡೆ ನೋಡುತ್ತಿದ್ದರು. ನೋಡುತ್ತಲೇ ಇದ್ದರು, ಆಮೇಲೆ ಅನ್ವಿತಾ ಚೀರಿದಳು.

ಆಂಬ್ಯುಲೆನ್ಸಿನವರು ಏದುಸಿರು ಬಿಡುತ್ತ ಬಂದು, ನೆಲಕ್ಕೆ ಮಲಗಿಸಿ ಎದೆ ಒತ್ತಿ, ಕೊನೆಗೆ ಕೈ ತೆಗೆದರು. ಮಧ್ಯಾಹ್ನ ಅಂತ್ಯಕ್ರಿಯೆಯ ಕಂಪನಿಯಿಂದ ಇಬ್ಬರು ಕಪ್ಪು ಕೋಟಿನವರು ಬಂದರು. ಅವರ ಉದ್ದನೆಯ ಸ್ಟ್ರೆಚರು ನಮ್ಮ ಮೆಟ್ಟಿಲಿನ ತಿರುವಿನಲ್ಲಿ ಹೊರಳಲಿಲ್ಲ. ನಮ್ಮಲ್ಲಿ ಕುಳ್ಳಿರಿಸಿಯೇ ಹೊರುತ್ತಾರೆ ಎಂದು ಅಮರ ಹೇಳಿದ. ಅವರು ಒಬ್ಬರ ಮುಖ ಒಬ್ಬರು ನೋಡಿ ಒಪ್ಪಿಕೊಂಡರು. ಅತ್ತೆ ಮತ್ತೆ ಅದೇ ಕುರ್ಚಿಗೆ ಬಂದರು.

ಆಗ ಬಂದರು ನೋಡಿ ಎಲ್ಲರೂ. ಮೂರನೇ ಅಂತಸ್ತಿನಿಂದ ವೆಂಕಪ್ಪ, ಗುಜರಾತಿಗಳು, ಪೋಲೆಂಡಿನವರು, ಪ್ರತಿ ಅಂತಸ್ತಿನ ಗಂಡಸರೂ ತಲೆ ತಗ್ಗಿಸಿಕೊಂಡು ಮೆಟ್ಟಿಲ ತುಂಬ ನಿಂತರು. ವೆಂಕಪ್ಪ ಮಗುವಿನ ಹಾಗೆ ಅಳುತ್ತ ಬಂದು ಪೈಪಿಗೆ ಕೈ ಹಾಕಿದರು. ಬೆಳಿಗ್ಗೆ ಒಂದು ಹೆಗಲಿಗೂ ಗತಿಯಿರಲಿಲ್ಲ. ಈಗ ನಿಲ್ಲಲು ಜಾಗವಿಲ್ಲದಷ್ಟು ಹೆಗಲು.

ನನ್ನೊಳಗೆ ಇದ್ದದ್ದೆಲ್ಲ ಕಿತ್ತು ಬಂತು. ಬಾಗಿಲಿಗೆ ಅಡ್ಡ ನಿಂತೆ.

"ಯಾರೂ ಮುಟ್ಟಬ್ಯಾಡ್ರಿ! ಮೊದಲ ಕೇಳ್ರಿ."

"ಯಾರನ್ನ ನೇತ್ರಾ?" ಎಂದ ಅಮರ.

"ಅವರನ್ನ. ಎತ್ತೋದು ಯಾರನ್ನೋ ಅವರನ್ನ."

ಎಲ್ಲರೂ ನನಗೆ ತಲೆ ಕೆಟ್ಟಿತೆಂದು ನೋಡಿದರು. ಕೆಟ್ಟಿತ್ತು. ಆಗ ಮಾವ ಗುಂಪಿನಿಂದ ಮುಂದೆ ಬಂದರು. ಕುರ್ಚಿಯ ಮುಂದೆ ಮೊಣಕಾಲೂರಿದರು. ಅತ್ತೆಯ ಸೆರಗು ಒಂದು ಕಡೆ ಸರಿದಿತ್ತು. ಅದನ್ನು ಹೆಗಲ ತುಂಬ ಹೊದಿಸಿದರು. ಬಗ್ಗಿ ಅವರ ಕಿವಿಯ ಹತ್ತಿರ ಬಾಯಿ ತಂದರು.

"ಗುರುದೇವಿ," ಎಂದರು, "ಎತ್ತಲೇನು?"

ವೆಂಕಪ್ಪ ಪೈಪಿನಿಂದ ಕೈ ತೆಗೆದರು. ಮಾವ ಏಳಲಿಲ್ಲ. ಉತ್ತರ ಬರಲಿ ಎಂದು ಅವರು ತಮ್ಮ ಕಿವಿಯನ್ನು ಅತ್ತೆಯ ಬಾಯಿಗೆ ಹತ್ತಿರ ಹಿಡಿದು ಕಾಯುತ್ತಿದ್ದರು.